‘ಪಾಪ’ ಎಂದು ಬಡಿಸುವ ಮೊದಲು

ಮದುವೆ ಮನೆಯ ಮೂರನೇ ಪಂಕ್ತಿ. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಂದಾಗಿದೆ. ಸಾಲಿನ ಕೊನೆಯಲ್ಲಿ ಅಮ್ಮನ ಪಕ್ಕ ಕುಳಿತವನಿಗೆ ಇಪ್ಪತ್ತೈದರ ಆಸುಪಾಸು. ಆದರೂ ಬಂಧುಬಳಗಕ್ಕೆಲ್ಲ ಅವನಿನ್ನೂ ‘ಪುಟ್ಟ’. ಡೌನ್ ಸಿಂಡ್ರೋಮ್ ಇದೆ ಎಂಬುದು ಎಲ್ಲರಿಗೂ ಗೊತ್ತು. ಬೇರೆಯವರ ಎಲೆಗೆ ಒಂದು ಹೋಳಿಗೆ ಬಿದ್ದರೆ ಅವನ ಎಲೆಗೆ ಎರಡು. ತುಪ್ಪದ ಮಿಳ್ಳೆಯೂ ಅಲ್ಲಿ ಒಂದು ಗಳಿಗೆ ಹೆಚ್ಚೇ ಬಾಗುತ್ತದೆ. ಅಮ್ಮ ‘ಸಾಕು, ಸಾಕು’ ಎಂದು ಕೈ ಅಡ್ಡ ಹಿಡಿದರೆ ಎದುರು ಸಾಲಿನ ಅಜ್ಜಿ ಗದರುತ್ತಾರೆ: ‘ಪಾಪ, ತಿನ್ಲಿ ಬಿಡೇ. ಅವನಿಗೆ ಇನ್ನೇನು ಸುಖ ಇದೆ?’

ಈ ಮಾತಿನಲ್ಲಿ ಕೆಟ್ಟತನವೇನಿಲ್ಲ, ಇರುವುದು ಮಮತೆಯೇ. ಊಟ ಮುಗಿಸಿ ಕಲ್ಯಾಣ ಮಂಟಪದ ಮೆಟ್ಟಿಲು ಹತ್ತುವಾಗ ಅವನು ಅರ್ಧಕ್ಕೇ ನಿಂತು ಏದುಸಿರು ಬಿಡುತ್ತಾನೆ. ಅದನ್ನು ಕಂಡವರ ಬಾಯಲ್ಲಿ ಇನ್ನೊಂದು ಮಾತು ಸಿದ್ಧವಾಗಿರುತ್ತದೆ: ‘ಅವನು ಇರೋದೇ ಹಾಗೆ.’

ಬೌದ್ಧಿಕ ಅಂಗವೈಕಲ್ಯ ಇರುವವರ ಆರೋಗ್ಯ ಕೆಡುವುದರಲ್ಲಿ ಈ ಎರಡು ಮಾತುಗಳ ಪಾಲು ದೊಡ್ಡದು. ಮೊದಲನೆಯದು ತೂಕ ಏರಿಸುತ್ತದೆ. ಎರಡನೆಯದು ಕಾಯಿಲೆಯನ್ನು ಕಣ್ಣಿಗೆ ಬೀಳದಂತೆ ಮಾಡುತ್ತದೆ.

ವೈಕಲ್ಯ ಬೇರೆ, ಕಾಯಿಲೆ ಬೇರೆ

ಬೌದ್ಧಿಕ ಅಂಗವೈಕಲ್ಯವೂ ಮಾನಸಿಕ ಕಾಯಿಲೆಯೂ ಒಂದೇ ಎಂದುಕೊಂಡವರು ಈಗಲೂ ಬಹಳ. ಎರಡೂ ಬೇರೆ ಬೇರೆ. ಕಲಿಯುವ, ವಿಚಾರ ಮಾಡುವ ಶಕ್ತಿ ಸರಾಸರಿಗಿಂತ ಸಾಕಷ್ಟು ಕಡಿಮೆ ಇರಬೇಕು. ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಅಂದಾಜು 70ಕ್ಕಿಂತ ಕೆಳಗೆ. ಜೊತೆಗೆ ಸ್ನಾನ, ಹಣದ ಲೆಕ್ಕ, ಬಸ್ಸು ಹತ್ತುವುದು ಮುಂತಾದ ದಿನನಿತ್ಯದ ಕೆಲಸಗಳಿಗೂ ಇನ್ನೊಬ್ಬರ ನೆರವು ಬೇಕಾಗಬೇಕು. ಇವೆರಡೂ ಬೆಳೆಯುವ ವಯಸ್ಸಿನಲ್ಲೇ ಕಾಣಿಸಿಕೊಂಡರೆ ಅದು ಬೌದ್ಧಿಕ ಅಂಗವೈಕಲ್ಯ. ಡೌನ್ ಸಿಂಡ್ರೋಮ್‌ನಲ್ಲಿ ಇದಕ್ಕೆ ಕಾರಣ ಹೆಚ್ಚುವರಿ ವರ್ಣತಂತು. ಇತರರಲ್ಲಿ ಹೆರಿಗೆ ಹೊತ್ತಿನಲ್ಲಿ ಮಗುವಿನ ಮಿದುಳಿಗೆ ಆಮ್ಲಜನಕ ಸಾಲದೆ ಹೋಗಿರಬಹುದು, ಎಳವೆಯಲ್ಲಿ ಮಿದುಳು ಜ್ವರ ಬಂದಿರಬಹುದು, ಹುಟ್ಟಿನಿಂದಲೇ ಇದ್ದ ಥೈರಾಯ್ಡ್ ಕೊರತೆ ಸಕಾಲಕ್ಕೆ ಪತ್ತೆಯಾಗದೆ ಉಳಿದಿರಬಹುದು. ಎಷ್ಟೋ ಮಂದಿಯಲ್ಲಿ ಕಾರಣವೇ ತಿಳಿಯುವುದಿಲ್ಲ. ಬಹುಪಾಲು ಜನರಲ್ಲಿ ವೈಕಲ್ಯ ಸೌಮ್ಯ ಮಟ್ಟದ್ದು. ಇಂಥವರು ಹೇಳಿಕೊಟ್ಟರೆ ಕಲಿಯುತ್ತಾರೆ, ದುಡಿಯುತ್ತಾರೆ, ತಮ್ಮ ಇಷ್ಟಾನಿಷ್ಟಗಳನ್ನು ಸ್ಪಷ್ಟವಾಗಿಯೇ ಹೇಳುತ್ತಾರೆ.

2011ರ ಜನಗಣತಿಯಂತೆ ದೇಶದಲ್ಲಿ ಅಂಗವಿಕಲರು 2.68 ಕೋಟಿ. ಅವರಲ್ಲಿ ಸುಮಾರು 15 ಲಕ್ಷ ಮಂದಿಯನ್ನು ಬೌದ್ಧಿಕ ಅಂಗವೈಕಲ್ಯದ ಗುಂಪಿನಲ್ಲಿ ಎಣಿಸಲಾಗಿದೆ. ಬಾಗಿಲಿಗೆ ಬಂದ ಗಣತಿದಾರರ ಮುಂದೆ ಹೇಳಿಕೊಳ್ಳಲು ಹಿಂಜರಿದ ಮನೆಗಳ ಲೆಕ್ಕ ಇದರಲ್ಲಿ ಸೇರಿಲ್ಲ.

ಇವರು ಇತರರಿಗಿಂತ ಬೇಗ ಸಾಯುತ್ತಾರೆ ಎಂಬುದು ಹಳೆಯ ತಿಳಿವಳಿಕೆ. ‘ಹುಟ್ಟಿದ್ದೇ ಹಾಗೆ, ಏನು ಮಾಡುವುದು’ ಎಂಬುದು ಅದಕ್ಕೆ ಹಳೆಯ ಉತ್ತರ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡವೊಂದು ಈ ಉತ್ತರವನ್ನು ಒಪ್ಪದೆ 247 ಸಾವುಗಳನ್ನು ಒಂದೊಂದಾಗಿ ಕೆದಕಿ ನೋಡಿತು. ವರದಿ ಬಂದದ್ದು 2013ರಲ್ಲಿ. ಸಾಮಾನ್ಯ ಜನರಿಗೆ ಹೋಲಿಸಿದರೆ ಬೌದ್ಧಿಕ ವೈಕಲ್ಯವಿದ್ದ ಗಂಡಸರು ಸರಾಸರಿ 13 ವರ್ಷ, ಹೆಂಗಸರು 20 ವರ್ಷ ಮೊದಲೇ ತೀರಿಕೊಂಡಿದ್ದರು. ರೋಗ ಪತ್ತೆ ತಡವಾಗಿತ್ತು, ಚಿಕಿತ್ಸೆ ತಡವಾಗಿತ್ತು, ಮನೆಯವರು ಹೇಳಿದ್ದನ್ನು ಆಸ್ಪತ್ರೆಯವರು ಕಿವಿಗೆ ಹಾಕಿಕೊಂಡಿರಲಿಲ್ಲ. ಸರ್ಕಾರವೇ ಉಚಿತ ಚಿಕಿತ್ಸೆ ಕೊಡುವ ಶ್ರೀಮಂತ ದೇಶದ ಕಥೆಯಿದು. ಅಂಗವಿಕಲರಲ್ಲಿ ಕೆಲವರು 20 ವರ್ಷದಷ್ಟು ಮೊದಲೇ ಸಾಯುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2022ರ ಡಿಸೆಂಬರ್‌ನಲ್ಲಿ ಹೇಳಿತು.

ಇದು ಹಣೆಬರಹವಲ್ಲ ಎಂಬುದಕ್ಕೆ ಡೌನ್ ಸಿಂಡ್ರೋಮ್ ಇರುವವರೇ ಸಾಕ್ಷಿ. ಅಮೆರಿಕದಲ್ಲಿ 1983ರ ಹೊತ್ತಿಗೆ ಇವರ ಸರಾಸರಿ ಆಯಸ್ಸು 25 ವರ್ಷ. ಇಂದು ಅದು 60ರ ಹತ್ತಿರ. ಹೆಚ್ಚುವರಿ ವರ್ಣತಂತು ಅಂದೂ ಇತ್ತು, ಇಂದೂ ಇದೆ. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಅದಕ್ಕೆ ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಸಿಗತೊಡಗಿತು. ಆಶ್ರಮಗಳಲ್ಲಿ ಬಿಟ್ಟುಬರುವ ಬದಲು ಮನೆಯಲ್ಲೇ ಬೆಳೆಸತೊಡಗಿದರು. ಆಯಸ್ಸು ಹೆಚ್ಚಿದ್ದು ಹೀಗೆ.

ನೋವಿಗೆ ಮಾತಿಲ್ಲದಾಗ

ಮಾತು ಬಾರದ ಹದಿನಾಲ್ಕರ ಹುಡುಗಿಯೊಬ್ಬಳು ವಾರದಿಂದ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುತ್ತಿದ್ದಾಳೆ ಎಂದುಕೊಳ್ಳಿ. ಹಠ ಎನ್ನುತ್ತಾರೆ ಮನೆಯವರು. ವರ್ತನೆಯ ಸಮಸ್ಯೆ ಎನ್ನುತ್ತದೆ ಶಾಲೆ. ವೈದ್ಯರ ಬಳಿ ಹೋದರೆ ಶಾಂತವಾಗಿರಲು ಒಂದು ಮಾತ್ರೆ. ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ನೋಡಿದವರು ಯಾರೂ ಇಲ್ಲ. ನೋಡಿದ್ದರೆ ಹುಳುಕು ಹಲ್ಲು ಕಾಣುತ್ತಿತ್ತು.

ಇರುವ ರೋಗಲಕ್ಷಣವನ್ನೆಲ್ಲ ವೈಕಲ್ಯದ ಖಾತೆಗೆ ಜಮೆ ಮಾಡಿಬಿಡುವ ಈ ತಪ್ಪನ್ನು ವೈದ್ಯಲೋಕ 1980ರ ದಶಕದಿಂದಲೇ ಗುರುತಿಸಿದೆ. ಆದರೂ ಅದು ನಿಂತಿಲ್ಲ. ತಲೆ ಚಚ್ಚಿಕೊಳ್ಳುವುದಕ್ಕೆ ಕಿವಿ ಸೋಂಕು ಕಾರಣವಿರಬಹುದು. ಊಟ ಕಂಡರೆ ತಟ್ಟೆ ತಳ್ಳುವವರಿಗೆ ಹುಳಿತೇಗು, ಎದೆಯುರಿ ಇರಬಹುದು. ರಾತ್ರಿಯೆಲ್ಲ ಗೊರಕೆ ಹೊಡೆದು ಹಗಲು ತೂಕಡಿಸುವ ಡೌನ್ ಸಿಂಡ್ರೋಮ್ ಯುವಕನಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವ ಸಂಭವ ಹೆಚ್ಚು. ಬಹಳ ಉಪೇಕ್ಷೆಗೆ ಗುರಿಯಾದದ್ದು ಮಲಬದ್ಧತೆ. ಓಡಾಟ ಕಡಿಮೆ, ನೀರು ಕಡಿಮೆ, ಮೆತ್ತಗಿನ ಅನ್ನವೇ ಮೂರು ಹೊತ್ತೂ, ಮೇಲೆ ಮಾತ್ರೆಗಳ ಪರಿಣಾಮ. ಹೊಟ್ಟೆ ಕಲ್ಲಾಗಲು ಇನ್ನೇನು ಬೇಕು? ಮಲಬದ್ಧತೆ ವಿಪರೀತಕ್ಕೆ ಹೋಗಿ ಜೀವ ಹೋದ ಪ್ರಕರಣಗಳು ಬ್ರಿಟನ್ನಿನಲ್ಲಿ ದಾಖಲಾಗಿವೆ.

ಥೈರಾಯ್ಡ್‌ನದು ಇನ್ನೊಂದು ಕಥೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕೊರತೆ ಬಹಳ ಸಾಮಾನ್ಯ. ಅದು ಬಂದರೆ ಮೈ ದಪ್ಪವಾಗುತ್ತದೆ, ಚರ್ಮ ಒಣಗುತ್ತದೆ, ಚಟುವಟಿಕೆ ಕುಗ್ಗುತ್ತದೆ, ಮಂಕು ಕವಿಯುತ್ತದೆ. ಇವೆಲ್ಲ ‘ಅವನು ಇರೋದೇ ಹಾಗೆ’ ಎಂಬ ಮಾತಿಗೆ ಹೇಳಿ ಮಾಡಿಸಿದ ಲಕ್ಷಣಗಳು. ವರ್ಷಕ್ಕೊಂದು ರಕ್ತ ಪರೀಕ್ಷೆಯಿಂದ ಇದು ಗೊತ್ತಾಗುತ್ತದೆ, ದಿನಕ್ಕೊಂದು ಸಣ್ಣ ಮಾತ್ರೆಯಿಂದ ಹತೋಟಿಗೆ ಬರುತ್ತದೆ. ನಲವತ್ತು ದಾಟಿದ ಮೇಲೆ ಮರೆವು ಶುರುವಾದರೂ ಮೊದಲು ನೋಡಬೇಕಾದದ್ದು ಥೈರಾಯ್ಡನ್ನು, ಕಿವಿಯನ್ನು, ಕಣ್ಣನ್ನು, ಮನಸ್ಸಿನ ಖಿನ್ನತೆಯನ್ನು. ಡೌನ್ ಸಿಂಡ್ರೋಮ್‌ನಲ್ಲಿ ಅಲ್ಝೈಮರ್ಸ್ ಬೇಗ ಬರುತ್ತದೆ ಎಂಬುದು ನಿಜ. ಹಾಗೆಂದು ಪ್ರತಿ ಮರೆವೂ ಅದೇ ಅಲ್ಲ.

ಈ ಕುರುಡನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಒಂದು ಕ್ರೀಡಾಕೂಟ. 1995ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಬೌದ್ಧಿಕ ವೈಕಲ್ಯವಿರುವವರ ಸ್ಪೆಷಲ್ ಒಲಿಂಪಿಕ್ಸ್ ವಿಶ್ವಕೂಟ ನಡೆದಾಗ ಬಂದ ಕ್ರೀಡಾಪಟುಗಳ ಕಣ್ಣು, ಹಲ್ಲು ಪರೀಕ್ಷಿಸಲಾಯಿತು. ಓಡಲು ಬಂದವರಲ್ಲಿ ಕೆಲವರನ್ನು ನೇರ ತುರ್ತು ಚಿಕಿತ್ಸೆಗೆ ಕಳುಹಿಸಬೇಕಾಯಿತು. ಆ ನೋವಿಟ್ಟುಕೊಂಡೇ ಅವರು ಆಟಕ್ಕೆ ಇಳಿದಿದ್ದರು. 1997ರಲ್ಲಿ ‘ಹೆಲ್ದಿ ಅಥ್ಲೀಟ್ಸ್’ ಎಂಬ ಕಾರ್ಯಕ್ರಮ ಅಧಿಕೃತವಾಗಿ ಶುರುವಾಯಿತು. ಇಂದು ಕಣ್ಣು, ಕಿವಿ, ಹಲ್ಲು, ಪಾದ, ಮೈಕಟ್ಟು, ಆಹಾರ, ಮನಸ್ಸು ಎಲ್ಲದಕ್ಕೂ ಕ್ರೀಡಾಕೂಟದ ಅಂಗಳದಲ್ಲೇ ತಪಾಸಣೆ ನಡೆಯುತ್ತದೆ. 130ಕ್ಕೂ ಹೆಚ್ಚು ದೇಶಗಳಲ್ಲಿ ಈವರೆಗೆ ನಡೆದ ತಪಾಸಣೆಗಳು 20 ಲಕ್ಷ ದಾಟಿವೆ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೇಳಿಸದೆ ಇದ್ದವರು, ಬೇಕಾದ ಕನ್ನಡಕವಿಲ್ಲದೆ ಬದುಕಿದವರು, ತಪ್ಪು ಅಳತೆಯ ಶೂ ಹಾಕಿ ಕುಂಟುತ್ತಿದ್ದವರು ಇಂಥ ಶಿಬಿರಗಳಲ್ಲಿ ಸಿಗುತ್ತಲೇ ಇರುತ್ತಾರೆ. ‘ಹೇಳಿದ್ದು ಕೇಳುವುದಿಲ್ಲ’ ಎಂದು ಬೈಸಿಕೊಂಡವರಿಗೆ ನಿಜಕ್ಕೂ ಕೇಳಿಸುತ್ತಿರಲಿಲ್ಲ.

ಕಿವಿ ಪರೀಕ್ಷೆಗೆ ಕನ್ನಡಿಗರು ದೂರ ಹೋಗಬೇಕಿಲ್ಲ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ಕೈ ಎತ್ತಿ ‘ಕೇಳಿಸಿತು’ ಎಂದು ಹೇಳಲಾಗದವರ ಶ್ರವಣವನ್ನೂ ಅಳೆಯುವ ಯಂತ್ರಗಳು ಅಲ್ಲಿವೆ.

ತಟ್ಟೆಯ ಲೆಕ್ಕ

ಮತ್ತೆ ಊಟದ ವಿಷಯ. ಬೌದ್ಧಿಕ ವೈಕಲ್ಯವಿರುವ ವಯಸ್ಕರಲ್ಲಿ ಬೊಜ್ಜು ಇತರರಿಗಿಂತ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಡೌನ್ ಸಿಂಡ್ರೋಮ್ ಇರುವವರ ಸ್ನಾಯುಗಳು ಸಡಿಲ, ಕುಳಿತಲ್ಲಿ ಮೈ ಖರ್ಚು ಮಾಡುವ ಶಕ್ತಿಯೂ ಕಡಿಮೆ. ಅದೇ ವಯಸ್ಸಿನ ಇತರರಷ್ಟೇ ಉಂಡರೂ ಇವರ ತೂಕ ಹೆಚ್ಚು ಏರುತ್ತದೆ. ಪ್ರಾಡರ್-ವಿಲ್ಲಿ ಎಂಬ ಅಪರೂಪದ ಸ್ಥಿತಿಯಲ್ಲಂತೂ ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟುವುದೇ ಇಲ್ಲ. ಅಂಥ ಮನೆಗಳಲ್ಲಿ ಅಡುಗೆಮನೆಗೆ ಬೀಗ ಹಾಕುವುದು ಕ್ರೌರ್ಯವಲ್ಲ, ಚಿಕಿತ್ಸೆಯ ಭಾಗ.

ಉಳಿದ ಬಹುತೇಕ ಮನೆಗಳಲ್ಲಿ ಕಾರಣ ಇಷ್ಟು ಗಹನವಲ್ಲ. ಸುಮ್ಮನಿರಿಸಲು ಬಿಸ್ಕತ್ತು, ಬಸ್ಸಿನಲ್ಲಿ ಗಲಾಟೆ ಮಾಡದಿರಲು ಚಿಪ್ಸ್ ಪೊಟ್ಟಣ, ಮಾತ್ರೆ ನುಂಗಿದ್ದಕ್ಕೆ ಚಾಕೊಲೇಟು. ಎಷ್ಟೋ ವಿಶೇಷ ಶಾಲೆಗಳಲ್ಲೂ ಅಕ್ಷರ ಗುರುತಿಸಿದ್ದಕ್ಕೆ ಜೆಮ್ಸ್ ಗುಳಿಗೆ ಕೊಡುವ ರೂಢಿ ಇದೆ. ಹತ್ತು ವರ್ಷ ಹೀಗೆ ನಡೆದರೆ ಸಿಹಿ ಎಂದರೆ ಮೆಚ್ಚುಗೆ, ಮೆಚ್ಚುಗೆ ಎಂದರೆ ಸಿಹಿ ಎಂದು ಮನಸ್ಸಿನಲ್ಲಿ ಗಟ್ಟಿಯಾಗಿಬಿಡುತ್ತದೆ. ಬಹುಮಾನವಾಗಿ ಚಪ್ಪಾಳೆ, ಇಷ್ಟದ ಹಾಡು, ಉಯ್ಯಾಲೆಯ ಸರದಿ, ಗಂಟೆ ಬಾರಿಸುವ ಅವಕಾಶ ಕೊಟ್ಟರೆ ಮಕ್ಕಳು ಅದನ್ನೂ ಅಷ್ಟೇ ಆಸೆಯಿಂದ ಪಡೆಯುತ್ತಾರೆ ಎಂಬುದು ಹಾಗೆ ಮಾಡಿ ನೋಡಿದ ಶಿಕ್ಷಕರಿಗೆ ಗೊತ್ತು.

ಹಳ್ಳಿಯ ಚಿತ್ರ ಸ್ವಲ್ಪ ಬೇರೆ. ಸೌಮ್ಯ ವೈಕಲ್ಯವಿರುವ ಗಂಡಸರು ಅಲ್ಲಿ ದನ ಮೇಯಿಸುತ್ತಾ, ನೀರು ಹೊರುತ್ತಾ ಓಡಾಡಿಕೊಂಡಿರುತ್ತಾರೆ, ಮೈ ಹಗುರವಾಗಿಯೇ ಇರುತ್ತದೆ. ಆದರೆ ಅವರಿಂದ ಸಣ್ಣಪುಟ್ಟ ಕೆಲಸ ಮಾಡಿಸಿಕೊಂಡು ಕೂಲಿಯ ಬದಲು ಬೀಡಿ, ಗುಟ್ಕಾ ಕೈಗಿಡುವ ಚಾಳಿ ಹಲವು ಊರುಗಳಲ್ಲಿದೆ. ಇದನ್ನು ತಮಾಷೆ ಎಂದು ನೋಡುವವರಿಗೆ ಸ್ವಲ್ಪ ನಾಚಿಕೆಯಾಗಬೇಕು.

ತಿನ್ನಿಸಬೇಕಾದದ್ದೇನು ಎಂಬುದಕ್ಕೆ ವಿಶೇಷ ಪಥ್ಯವೇನಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಲ್ಲ ಭಾರತೀಯರಿಗೂ ಹೇಳುವುದೇ ಇವರಿಗೂ: ಅರ್ಧ ತಟ್ಟೆ ತರಕಾರಿ ಮತ್ತು ಹಣ್ಣು, ಉಳಿದರ್ಧದಲ್ಲಿ ಧಾನ್ಯ, ಬೇಳೆ, ಮೊಟ್ಟೆ ಇತ್ಯಾದಿ. ರಾಗಿ ಮುದ್ದೆ, ಸೊಪ್ಪಿನ ಸಾರು, ಜೋಳದ ರೊಟ್ಟಿ, ಪಲ್ಯ ಇದ್ದ ಮನೆಗೆ ಬೇರೆ ಪಾಠ ಬೇಡ. ಅಗಿಯಲು, ನುಂಗಲು ಕಷ್ಟವಿರುವವರಿಗೆ ಎಚ್ಚರ ಬೇಕು. ಅವರಿಗೆ ಬಿಳಿ ಅನ್ನ ಮೊಸರಿನ ಬದಲು ನುಣ್ಣಗೆ ಅರೆದ ಸೊಪ್ಪು ಬೇಳೆ, ರಾಗಿ ಅಂಬಲಿ, ಕಿವುಚಿದ ಪಪ್ಪಾಯಿ ಕೊಡಬಹುದು. ಮಲಗಿಸಿ ತಿನ್ನಿಸುವುದು ಮಾತ್ರ ಅಪಾಯ. ಊಟ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗಬಹುದು.

ಮಾತ್ರೆ ಚೀಟಿಯನ್ನೂ ಓದಿ

ಊಟ ಬದಲಾಗಿಲ್ಲ, ಓಡಾಟ ಬದಲಾಗಿಲ್ಲ, ಆದರೂ ಆರು ತಿಂಗಳಲ್ಲಿ ಎಂಟು ಹತ್ತು ಕಿಲೋ ಏರಿದೆ. ಹೀಗಾದಾಗ ಮಾತ್ರೆ ಡಬ್ಬಿಯತ್ತ ನೋಡಬೇಕು. ಬೌದ್ಧಿಕ ವೈಕಲ್ಯದ ಜೊತೆ ಮೂರ್ಛೆರೋಗ ಇರುವುದು ಸಾಮಾನ್ಯ. ಅದಕ್ಕೆ ಕೊಡುವ ವ್ಯಾಲ್‌ಪ್ರೊಏಟ್ ತೂಕ ಹೆಚ್ಚಿಸಬಲ್ಲದು. ಫೆನಿಟಾಯಿನ್ ಒಸಡನ್ನು ಊದಿಸಿ ಹಲ್ಲಿನ ಮೇಲೆ ಬೆಳೆಯುವಂತೆ ಮಾಡಬಲ್ಲದು. ಕೆಲವು ಮೂರ್ಛೆ ಮಾತ್ರೆಗಳಿಂದ ಮೂಳೆಗೆ ಬೇಕಾದ ವಿಟಮಿನ್ ಡಿ ಕುಗ್ಗುತ್ತದೆ. ಸಿಟ್ಟು, ಹೊಡೆದಾಟ ತಗ್ಗಿಸಲು ಕೊಡುವ ರಿಸ್ಪೆರಿಡೋನ್, ಒಲಾಂಜಪಿನ್ ಹಸಿವನ್ನೇ ಏರಿಸುತ್ತವೆ, ಸಕ್ಕರೆ ಕಾಯಿಲೆಗೂ ದಾರಿ ಮಾಡಬಹುದು.

ಹಾಗೆಂದು ಮಾತ್ರೆಯನ್ನು ಮನೆಯಲ್ಲೇ ನಿಲ್ಲಿಸುವಂತಿಲ್ಲ. ಮೂರ್ಛೆ ಮಾತ್ರೆ ಏಕಾಏಕಿ ನಿಂತರೆ ಫಿಟ್ಸ್ ಮರುಕಳಿಸಿ ಜೀವಕ್ಕೇ ಅಪಾಯ. ಕೇಳಬೇಕಾದದ್ದು ಇಷ್ಟು: ಈ ಮಾತ್ರೆ ಯಾವುದಕ್ಕೆ, ಎಷ್ಟು ದಿನಕ್ಕೆ, ಇದರ ಅಗತ್ಯ ಈಗಲೂ ಇದೆಯೇ? ಎಷ್ಟೋ ಮನೆಗಳಲ್ಲಿ ಮಗುವಿಗೆ ಹತ್ತು ವರ್ಷವಿದ್ದಾಗ ಬರೆದ ಚೀಟಿ ಮೂವತ್ತಾದರೂ ಹಾಗೇ ಮುಂದುವರಿದಿರುತ್ತದೆ. ಔಷಧ ಅಂಗಡಿಯವರಿಗೆ ಚೀಟಿ ಬಾಯಿಪಾಠವಾಗಿರುತ್ತದೆ, ವೈದ್ಯರು ಮಾತ್ರ ಅದನ್ನು ಮತ್ತೆ ನೋಡಿರುವುದಿಲ್ಲ.

ಶಿಕಾಗೋದ ಮೈದಾನದಿಂದ ಮನೆಯ ಅಂಗಳಕ್ಕೆ

1960ರ ದಶಕದ ಆರಂಭದಲ್ಲಿ ಇಂಥ ಮಕ್ಕಳು ಓಡಿದರೆ, ಈಜಿದರೆ ತೊಂದರೆ ಎಂದು ಬಲ್ಲವರೇ ಹೇಳುತ್ತಿದ್ದರು. ಅಮೆರಿಕದ ಯೂನಿಸ್ ಕೆನಡಿ ಶ್ರೈವರ್ ಇದನ್ನು ನಂಬಲಿಲ್ಲ. ಅಧ್ಯಕ್ಷ ಜಾನ್ ಕೆನಡಿಯ ಸಹೋದರಿ ಈಕೆ. ಇವರ ಅಕ್ಕ ರೋಸ್‌ಮೇರಿಗೂ ಬೌದ್ಧಿಕ ವೈಕಲ್ಯವಿತ್ತು. 1962ರಲ್ಲಿ ಯೂನಿಸ್ ಮೇರಿಲ್ಯಾಂಡಿನ ತಮ್ಮ ಮನೆಯ ಅಂಗಳದಲ್ಲೇ ಬೇಸಿಗೆ ಶಿಬಿರ ನಡೆಸಿದರು. 1968ರ ಜುಲೈ 20ರಂದು ಶಿಕಾಗೋದ ಸೋಲ್ಜರ್ ಫೀಲ್ಡ್ ಕ್ರೀಡಾಂಗಣದಲ್ಲಿ ಸುಮಾರು ಸಾವಿರ ಕ್ರೀಡಾಪಟುಗಳು ಓಡಿದರು, ಈಜಿದರು. ಸ್ಪೆಷಲ್ ಒಲಿಂಪಿಕ್ಸ್‌ನ ಹುಟ್ಟು ಅದು.

ಭಾರತದ ಶಾಖೆ ‘ಸ್ಪೆಷಲ್ ಒಲಿಂಪಿಕ್ಸ್ ಭಾರತ್’ ನೋಂದಣಿಯಾದದ್ದು 2001ರಲ್ಲಿ. 2023ರ ಬರ್ಲಿನ್ ವಿಶ್ವಕೂಟದಲ್ಲಿ ನಮ್ಮ ಕ್ರೀಡಾಪಟುಗಳು 76 ಚಿನ್ನ ಸೇರಿ 202 ಪದಕ ತಂದರು. ಪತ್ರಿಕೆಗಳಲ್ಲಿ ಆ ಸುದ್ದಿಗೆ ಸಿಕ್ಕ ಜಾಗ ಎಷ್ಟೆಂದು ಕೇಳಬೇಡಿ.

ಪದಕ ಗೆಲ್ಲುವವರು ಕೆಲವೇ ಮಂದಿ. ಆರೋಗ್ಯದ ಲೆಕ್ಕಕ್ಕೆ ಬೇಕಾದದ್ದು ದಿನದಿನದ ಬೆವರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ದೈಹಿಕ ಚಟುವಟಿಕೆಯ ಮಾರ್ಗಸೂಚಿಯಲ್ಲಿ ಮೊದಲ ಬಾರಿಗೆ ಅಂಗವಿಕಲರ ಬಗ್ಗೆಯೂ ಬರೆಯಿತು. ಅಳತೆ ಎಲ್ಲರಿಗೂ ಒಂದೇ: ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆ. ಅಷ್ಟಾಗದಿದ್ದರೆ ಆದಷ್ಟು; ಏನೂ ಇಲ್ಲದಿರುವುದಕ್ಕಿಂತ ಸ್ವಲ್ಪವಾದರೂ ವಾಸಿ.

ಯಾವ ಚಟುವಟಿಕೆ? ಇಷ್ಟವಾದದ್ದು. ಟ್ರೆಡ್‌ಮಿಲ್ ಮೇಲೆ ಐದು ನಿಮಿಷ ನಿಲ್ಲದವರು ಡೊಳ್ಳು ಕೇಳಿದರೆ ಅರ್ಧ ಗಂಟೆ ಕುಣಿಯುತ್ತಾರೆ. ಕೋಲಾಟಕ್ಕೆ ತಾಳವಿದೆ, ಜೊತೆಗಾರರಿದ್ದಾರೆ, ನೋಡಿ ಕಲಿಯಬಹುದು. ಗೋಲಿಯಾಟದ ದೊಡ್ಡಣ್ಣನಂತಿರುವ ಬೊಚ್ಚೆ ಆಟವನ್ನು ನಡೆಯಲು ಕಷ್ಟಪಡುವವರೂ ಆಡಬಲ್ಲರು. ವೈಕಲ್ಯ ಇರುವವರೂ ಇಲ್ಲದವರೂ ಒಂದೇ ತಂಡದಲ್ಲಿ ಆಡುವ ‘ಯೂನಿಫೈಡ್’ ಪಂದ್ಯಗಳನ್ನು ಸ್ಪೆಷಲ್ ಒಲಿಂಪಿಕ್ಸ್ ವರ್ಷಗಳಿಂದ ನಡೆಸುತ್ತಿದೆ. ಬಡಾವಣೆಯ ಪಾರ್ಕಿನ ಷಟಲ್ ಅಂಕಣದಲ್ಲೂ ಇದು ಸಾಧ್ಯ. ಬೇಕಾದದ್ದು ಇನ್ನೊಂದು ಬ್ಯಾಟು, ಮತ್ತು ‘ಬಾ’ ಎಂದು ಕರೆಯುವ ಒಬ್ಬರು.

ಒಂದು ಎಚ್ಚರಿಕೆ. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಬಿಗಿ ಸಡಿಲವಾಗಿರುತ್ತದೆ. ಲಾಗ ಹಾಕುವುದು, ನೀರಿಗೆ ತಲೆ ಮೊದಲಾಗಿ ಧುಮುಕುವುದು, ಯೋಗದಲ್ಲಿ ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಇವನ್ನೆಲ್ಲ ವೈದ್ಯರನ್ನು ಕೇಳದೆ ಮಾಡಿಸಬಾರದು. ಕುತ್ತಿಗೆ ನೋವು, ನಡಿಗೆಯಲ್ಲಿ ಹಠಾತ್ ಬದಲಾವಣೆ, ಮೂತ್ರದ ಹಿಡಿತ ತಪ್ಪುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಹೃದಯದ ದೋಷ ಇದ್ದವರಿಗೂ ಮೊದಲು ತಪಾಸಣೆ, ಆಮೇಲೆ ಓಟ.

ಕಲಿಸುವ ಬಗೆ

‘ದಿನಾ ಹಲ್ಲುಜ್ಜು’ ಎಂದು ಸಾವಿರ ಸಲ ಹೇಳಿದರೂ ಕಲಿಯದವರು ಬೇರೆ ರೀತಿಯಲ್ಲಿ ಕಲಿಸಿದರೆ ಕಲಿಯುತ್ತಾರೆ. ಸಿಕಂದರಾಬಾದಿನಲ್ಲಿ 1984ರಲ್ಲಿ ಸ್ಥಾಪನೆಯಾದ, ಬೌದ್ಧಿಕ ಅಂಗವೈಕಲ್ಯಕ್ಕೆಂದೇ ಇರುವ ರಾಷ್ಟ್ರೀಯ ಸಂಸ್ಥೆಯಿಂದ ಹಿಡಿದು ನಮ್ಮ ವಿಶೇಷ ಶಿಕ್ಷಕರ ತರಬೇತಿಗಳವರೆಗೆ ಎಲ್ಲೆಡೆ ಹೇಳಿಕೊಡುವ ವಿಧಾನ ಒಂದಿದೆ. ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುವುದು. ಬ್ರಷ್ ಎತ್ತಿಕೊ, ನೀರು ಸೋಕಿಸು, ಪೇಸ್ಟ್ ಹಚ್ಚು, ಬಲಗಡೆ ಉಜ್ಜು, ಎಡಗಡೆ ಉಜ್ಜು. ನಮಗೆ ಒಂದೇ ಕೆಲಸವಾಗಿ ಕಾಣುವುದು ಹೀಗೆ ಹತ್ತು ಹದಿನೈದು ಕೆಲಸ.

ಕುತೂಹಲದ ಸಂಗತಿಯೆಂದರೆ ಎಷ್ಟೋ ಸಲ ಕೊನೆಯ ಹೆಜ್ಜೆಯನ್ನೇ ಮೊದಲು ಕಲಿಸುತ್ತಾರೆ. ಎಲ್ಲವನ್ನೂ ಅಮ್ಮ ಮಾಡಿ, ಬಾಯಿ ಮುಕ್ಕಳಿಸಿ ಉಗುಳುವುದನ್ನು ಮಾತ್ರ ಮಗುವಿಗೆ ಬಿಡುವುದು. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆ. ಹೀಗೆ ಕಲಿತರೆ ಪ್ರತಿ ದಿನದ ಪಾಠವೂ ‘ನಾನು ಮುಗಿಸಿದೆ’ ಎಂಬ ಖುಷಿಯಲ್ಲೇ ನಿಲ್ಲುತ್ತದೆ. ಬಚ್ಚಲ ಗೋಡೆಯ ಮೇಲೆ ಹೆಜ್ಜೆಗಳ ಚಿತ್ರ ಅಂಟಿಸಿದರೆ ನೆನಪಿಸುವವರ ಗಂಟಲಿಗೂ ವಿರಾಮ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಶಿಕಾಗೋ ಕೇಂದ್ರ ರೂಪಿಸಿದ ‘ಹೆಲ್ತ್‌ಮ್ಯಾಟರ್ಸ್’ ಎಂಬ 12 ವಾರಗಳ ತರಗತಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ವ್ಯಾಯಾಮ ಮಾಡಿಸುವುದರ ಜೊತೆಗೆ ಅದು ಏಕೆ ಬೇಕು ಎಂಬುದನ್ನೂ ಅವರಿಗೆ ಅರ್ಥವಾಗುವಂತೆ ಹೇಳುತ್ತಾರೆ. ಗುರಿಯನ್ನು ಅವರಿಂದಲೇ ಹೇಳಿಸುತ್ತಾರೆ. ಆರೈಕೆ ಮಾಡುವ ಸಿಬ್ಬಂದಿಗೂ ತರಬೇತಿ ಕೊಡುತ್ತಾರೆ. ಇದರ ಹಿಂದಿನ ವಿಚಾರ ಸರಳ. ಇವರ ಊಟ, ನಡಿಗೆ, ನಿದ್ದೆ ಎಲ್ಲವೂ ಇನ್ನೊಬ್ಬರ ಕೈಯಲ್ಲಿದೆ. ಆ ಇನ್ನೊಬ್ಬರು ಬದಲಾಗದೆ ಇವರೊಬ್ಬರನ್ನೇ ಬದಲಾಯಿಸಲು ಹೊರಡುವುದು ವ್ಯರ್ಥ. ಮಗನಿಗೆ ಬಜ್ಜಿ ಬೇಡವೆಂದು ಹೇಳಿ ಅಪ್ಪ ಅಲ್ಲೇ ಕುಳಿತು ಬಜ್ಜಿ ತಿಂದರೆ ಅದು ಪಥ್ಯವಾಗುವುದಿಲ್ಲ, ಶಿಕ್ಷೆಯಾಗುತ್ತದೆ.

ಆಯ್ಕೆಯ ಮಾತೂ ಇಲ್ಲಿದೆ. ‘ಹಣ್ಣು ತಿನ್ನು’ ಎನ್ನುವುದಕ್ಕೂ ಬಾಳೆಹಣ್ಣು, ಸೀಬೆ ಎರಡನ್ನೂ ಮುಂದಿಟ್ಟು ‘ಯಾವುದು ಬೇಕು?’ ಎನ್ನುವುದಕ್ಕೂ ಅಂತರವಿದೆ. ದೊಡ್ಡವರಾದ ಮೇಲೂ ಒಂದು ತುತ್ತನ್ನಾದರೂ ಸ್ವಂತ ಇಷ್ಟದಿಂದ ತಿನ್ನಲು ಸಿಗದವರಿಗೆ ಸಿಹಿ ಕದ್ದು ತಿನ್ನುವುದೊಂದೇ ಸ್ವಾತಂತ್ರ್ಯವಾಗಿ ಉಳಿದರೆ ತಪ್ಪು ಯಾರದು?

ಹೆಣ್ಣುಮಕ್ಕಳ ವಿಷಯ

1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿಗೃಹದ ಹೆಣ್ಣುಮಕ್ಕಳನ್ನು ಪುಣೆಯ ಆಸ್ಪತ್ರೆಗೆ ಕರೆದೊಯ್ದು ಗರ್ಭಕೋಶ ತೆಗೆಸಲಾಯಿತು. ಮುಟ್ಟಿನ ಸ್ವಚ್ಛತೆ ನೋಡಿಕೊಳ್ಳಲು ಅವರಿಗೆ ಬರುವುದಿಲ್ಲ ಎಂಬುದು ಕೊಟ್ಟ ಕಾರಣ. ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ ಅದು ನಿಂತಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ವ್ಯಕ್ತಿಯ ಸ್ವತಂತ್ರ, ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಸಂತಾನಶಕ್ತಿ ಕಳೆಯುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ.

ಪ್ಯಾಡ್ ಬದಲಾಯಿಸುವುದನ್ನೂ ಹಲ್ಲುಜ್ಜುವುದರಂತೆಯೇ ಹೆಜ್ಜೆ ಹೆಜ್ಜೆಯಾಗಿ ಕಲಿಸಬಹುದು. ಮುಟ್ಟು ಶುರುವಾಗುವ ಮೊದಲೇ, ಗೊಂಬೆಗೆ ತೊಡಿಸಿ, ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿ ಎಷ್ಟೋ ತಾಯಂದಿರು ಕಲಿಸಿದ್ದಾರೆ. ಮೈಯ ಯಾವ ಭಾಗವನ್ನು ಯಾರು ಮುಟ್ಟಬಾರದು ಎಂಬ ಪಾಠವೂ ಇದರ ಜೊತೆಗೇ ಸಾಗಬೇಕು.

ಹದಿನೆಂಟರ ನಂತರ ಯಾರೂ ಬರುವುದಿಲ್ಲ

ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ತಪಾಸಣೆ ಮಾಡುತ್ತವೆ. ಡೌನ್ ಸಿಂಡ್ರೋಮ್ ಕೂಡ ಅದರ ಪಟ್ಟಿಯಲ್ಲಿದೆ. 30 ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮವಿದೆ, ಆಶಾ ಕಾರ್ಯಕರ್ತೆಯರು ಮನೆಗೇ ಬಂದು ಪಟ್ಟಿ ಮಾಡುತ್ತಾರೆ. ನಡುವಿನ 12 ವರ್ಷ ಹುಡುಕಿಕೊಂಡು ಬರುವವರಿಲ್ಲ. ವಿಶೇಷ ಶಾಲೆ ಮುಗಿದು, ಹೋಗಲು ಬೇರೆ ಕೇಂದ್ರವಿಲ್ಲದೆ, ಟಿ.ವಿ. ಮುಂದೆ ಕುಳಿತು ತೂಕ ಏರುವುದು ಸರಿಯಾಗಿ ಈ ವರ್ಷಗಳಲ್ಲೇ. ಇಂಗ್ಲೆಂಡಿನಲ್ಲಿ ಬೌದ್ಧಿಕ ವೈಕಲ್ಯವಿರುವ ಪ್ರತಿಯೊಬ್ಬರಿಗೂ 14ನೇ ವಯಸ್ಸಿನಿಂದ ವರ್ಷಕ್ಕೊಮ್ಮೆ ಪೂರ್ಣ ತಪಾಸಣೆಯ ಅವಕಾಶವಿದೆ. ಅಂಥದ್ದೊಂದು ನಮ್ಮಲ್ಲೂ ಬೇಕು. ಇದಕ್ಕೆ ಹೊಸ ಕಟ್ಟಡ ಬೇಡ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಊರಿನಲ್ಲಿ ಯಾರ ಮನೆಯಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಗೊತ್ತು. ಅವರ ಪಟ್ಟಿಯೂ ಪ್ರಾಥಮಿಕ ಆರೋಗ್ಯ ಕೇಂದ್ರದ ಪಟ್ಟಿಯೂ ಒಂದಾದರೆ ಅರ್ಧ ಕೆಲಸ ಮುಗಿಯಿತು.

ಅಲ್ಲಿಯವರೆಗೆ ಇರುವುದನ್ನು ಬಳಸಿಕೊಳ್ಳಬಹುದು. 2016ರ ಕಾಯ್ದೆಯ 25ನೇ ಸೆಕ್ಷನ್ ಅಂಗವಿಕಲರಿಗೆ ಚಿಕಿತ್ಸೆಯಲ್ಲಿ ಆದ್ಯತೆ ನೀಡಬೇಕೆಂದು ಹೇಳುತ್ತದೆ. ಆಸ್ಪತ್ರೆಯ ಸಾಲಿನಲ್ಲಿ ಎರಡು ಗಂಟೆ ಕಾಯಲಾಗದ ಮಗುವಿನ ತಾಯಿ ಇದನ್ನು ದಾಕ್ಷಿಣ್ಯವಿಲ್ಲದೆ ಕೇಳಬಹುದು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯ ಇರುವವರಿಗೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆಯಿದೆ. ಸೇರಲು ವಯಸ್ಸಿನ ಮಿತಿಯಿಲ್ಲ, ಮುಂಚಿತ ವೈದ್ಯಕೀಯ ಪರೀಕ್ಷೆಯಿಲ್ಲ, ಹೊರರೋಗಿ ಚಿಕಿತ್ಸೆಗೂ ಥೆರಪಿಗೂ ಅದರಲ್ಲಿ ಪಾಲಿದೆ. ಟ್ರಸ್ಟ್‌ನಲ್ಲಿ ನೋಂದಾಯಿಸಿಕೊಂಡ ಸಂಘಸಂಸ್ಥೆಗಳ ಮೂಲಕ ಹೆಸರು ಬರೆಸಬೇಕು. ಪ್ರತಿ ವರ್ಷ ನವೀಕರಿಸಲು ಮರೆಯಬಾರದು.

ಮನೆಯಲ್ಲೋ ಬಂಧುಗಳಲ್ಲೋ ಬೀದಿಯಲ್ಲೋ ಇಂಥವರೊಬ್ಬರಿದ್ದರೆ ಅವರ ಹುಟ್ಟುಹಬ್ಬದ ತಿಂಗಳನ್ನೇ ತಪಾಸಣೆಯ ತಿಂಗಳೆಂದು ಗೊತ್ತುಮಾಡಿಕೊಳ್ಳಿ. ತೂಕ, ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್, ಕಣ್ಣು, ಕಿವಿ, ಹಲ್ಲು, ಹೊಟ್ಟೆ, ಮಾತ್ರೆಗಳ ಚೀಟಿ ಇಷ್ಟನ್ನೂ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಫಲಿತಾಂಶಗಳನ್ನು ಒಂದೇ ಪುಸ್ತಕದಲ್ಲಿ ಬರೆದಿಡಿ. ವೈದ್ಯರು ನಿಮ್ಮನ್ನೇ ನೋಡಿ ಮಾತನಾಡುತ್ತಿದ್ದರೆ, ‘ಅವನನ್ನೂ ಕೇಳಿ ಡಾಕ್ಟ್ರೇ’ ಎನ್ನಿ.